ಕಡಲಿನ ಒಳಗನ್ನೂ ಬಲ್ಲವರಾಗಿ: ಮಂಗಳೂರಿನ ಕಾಲೇಜು ಹುಡುಗ ಹುಡುಗಿಯರಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಹುಡುಗ ಹುಡುಗಿಯರೇ,

ಪರೀಕ್ಷೆ ಮುಗಿದ ಕೂಡಲೇ ನಿಮ್ಮಲ್ಲಿ ಎಷ್ಟೋ ಮಂದಿ ಗುಂಪು ಕಟ್ಟಿಕೊಂಡು ಮುರುಡೇಶ್ವರಕ್ಕೆ ಹೋಗುತ್ತೀರಿ. ಬೆಳಿಗ್ಗೆ ಬೋಟು ಹತ್ತಿ ನೇತ್ರಾಣಿ ದ್ವೀಪ ತಲುಪಿ, ಬೆನ್ನಿಗೆ ಸಿಲಿಂಡರ್ ಕಟ್ಟಿಸಿಕೊಂಡು, ತರಬೇತುದಾರರ ಕೈ ಹಿಡಿದು ನೀರೊಳಗೆ ಒಂದು ಸುತ್ತು ಹಾಕಿ, ವಿಡಿಯೊ ತೆಗೆಸಿಕೊಂಡು ರಾತ್ರಿಯೊಳಗೆ ಮನೆ ಸೇರುತ್ತೀರಿ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಆ ನೀರಿಗೆ ಇಳಿದದ್ದನ್ನು ನೋಡಿ ಮನಸ್ಸು ಮಾಡಿದವರೂ ನಿಮ್ಮ ನಡುವೆ ಇದ್ದೀರಿ. ನನಗೆ ಇದು ನಿಜಕ್ಕೂ ಸಂತೋಷದ ಸಂಗತಿ. ಆದರೆ ಅಲ್ಲಿಗೇ ನಿಲ್ಲಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಆ ಒಂದು ಸುತ್ತಿನಲ್ಲಿ ನಿಮ್ಮ ಗಾಳಿ, ನಿಮ್ಮ ಆಳ, ನಿಮ್ಮ ದಿಕ್ಕು ಎಲ್ಲವನ್ನೂ ನೋಡಿಕೊಂಡವರು ಬೇರೆಯವರು. ನೀವು ನೋಡಿ ಬಂದಿರಿ, ಅಷ್ಟೆ. ಇನ್ನು ಸ್ಕೂಬಾ ಡೈವಿಂಗ್ ಕಲಿಯಬೇಕು. ಕಡಲ ದಡದ ಊರಿನಲ್ಲಿ ಹುಟ್ಟಿ ಬೆಳೆದ ನೀವು ಕಲಿಯಲೇಬೇಕು ಎಂಬುದು ನನ್ನ ಆಸೆ ಮಾತ್ರವಲ್ಲ, ವಾದವೂ ಹೌದು.

ನಮ್ಮ ಮನೆಗಳಲ್ಲಿ ಕಡಲಿನ ಬಗ್ಗೆ ಮಕ್ಕಳಿಗೆ ಹೇಳುವ ಮಾತು ಒಂದೇ: ಹತ್ತಿರ ಹೋಗಬೇಡ. ಆ ಮಾತಿಗೆ ಕಾರಣವಿದೆ. ಸೋಮೇಶ್ವರದ ರುದ್ರಪಾದೆ ಬಂಡೆಯಿಂದ ಅಲೆಗೆ ಸಿಕ್ಕಿ ಹೋದವರ ಸುದ್ದಿಯನ್ನು ಎಷ್ಟು ಬಾರಿ ಓದಿಲ್ಲ? 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ಮುಳಬಾಗಿಲಿನ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ತೀರದಲ್ಲೇ ನೀರುಪಾಲಾದರು. ಅವರು ಬಯಲುಸೀಮೆಯ ಮಕ್ಕಳು, ಕಡಲು ಗೊತ್ತಿರಲಿಲ್ಲ ಅನ್ನುತ್ತೇವೆ. ನಮಗಾದರೂ ಎಷ್ಟು ಗೊತ್ತಿದೆ? ಪಣಂಬೂರಿನಲ್ಲಿ, ತಣ್ಣೀರುಬಾವಿಯಲ್ಲಿ ಮೊಣಕಾಲಿನವರೆಗೆ ನೀರಲ್ಲಿ ನಿಂತು ಚುರುಮುರಿ ತಿಂದು ಬರುವುದು ಬಿಟ್ಟರೆ ಪೇಟೆಯ ನಮಗೂ ಕಡಲಿಗೂ ವ್ಯವಹಾರವೇ ಇಲ್ಲ. ಭಯ ನಮ್ಮನ್ನು ದಡದಲ್ಲಿ ನಿಲ್ಲಿಸಿತೇ ಹೊರತು ಈಜು ಕಲಿಸಲಿಲ್ಲ. ಕಡಲು ಬಲ್ಲವರು ಮೊಗವೀರರು, ಬಂಡೆಗಳ ಬುಡಕ್ಕೆ ಉಸಿರು ಕಟ್ಟಿ ಮುಳುಗಿ ಪಚ್ಚಿಲೆ ಚಿಪ್ಪು ಕೀಳುವವರು. ಅವರ ತಿಳಿವಳಿಕೆಗೆ ಯಾವ ಸರ್ಟಿಫಿಕೇಟೂ ಬೇಕಾಗಿಲ್ಲ. ಅವರ ಮಕ್ಕಳೂ ಈಗ ನಿಮ್ಮ ಜೊತೆ ಬಿಕಾಂ, ಬಿಸಿಎ ಓದುತ್ತಿದ್ದಾರೆ. ಆ ವಿದ್ಯೆ ಅವರ ಮನೆಗಳಲ್ಲೂ ಕೈತಪ್ಪುತ್ತಿದೆ.

ಒಂದು ಮಾತು ಯೋಚಿಸಿ. ನಮ್ಮ ಕರಾವಳಿಯಲ್ಲಿ ಹೊಳೆಗೋ ಕಡಲಿಗೋ ಯಾರಾದರೂ ಬಿದ್ದರೆ ಫೋನು ಹೋಗುವುದು ಯಾರಿಗೆ? ಮಲ್ಪೆಯ ಮುಳುಗುತಜ್ಞ ಈಶ್ವರ್ ಅವರಿಗೆ, ಅವರಂಥ ಬೆರಳೆಣಿಕೆಯ ಜನಕ್ಕೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರನ್ನು ಗಂಗಾವಳಿ ಹೊಳೆಗೆ ತಳ್ಳಿದಾಗಲೂ, ಆ ಕೆಂಪು ನೀರಿನ ಸೆಳೆತದಲ್ಲಿ ಮುಳುಗಿ ಹುಡುಕಲು ಬಂದವರಲ್ಲಿ ಅವರಿದ್ದರು. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಕರಾವಳಿಗೆ ಇಷ್ಟೇ ಜನ ಸಾಕೇ? ಸ್ಕೂಬಾದ ಮೊದಲ ಕೋರ್ಸ್ ಮುಗಿಸಿದವರೆಲ್ಲ ನಾಳೆಯೇ ಹೊಳೆಗೆ ಹಾರಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹಾರಲೂ ಬಾರದು, ಸೆಳೆತದ ನೀರಿನಲ್ಲಿ ಹುಡುಕುವುದಕ್ಕೆ ಬೇರೆಯೇ ತರಬೇತಿ ಬೇಕು. ಆದರೆ ಆ ತರಬೇತಿಯ ಮೊದಲ ಮೆಟ್ಟಿಲು ಇದೇ, ಮೆಟ್ಟಿಲು ಹತ್ತುವ ಜನ ನಮ್ಮ ಊರಿನಲ್ಲಿ ಇರಬೇಕು.

ಇನ್ನೊಂದು ಕಾರಣ ನನಗೆ ಇದಕ್ಕಿಂತ ಹತ್ತಿರದ್ದು. ಮೀನು ಕಡಿಮೆಯಾಯಿತು ಎಂದು ಧಕ್ಕೆಯಲ್ಲಿ, ಸಭೆಗಳಲ್ಲಿ, ಊಟದ ಬಟ್ಟಲಿನ ಮುಂದೆ ದಿನಾ ಮಾತಾಡುತ್ತೇವೆ. ದೀಪ ಉರಿಸಿ ಮೀನು ಸೆಳೆಯುವ ಲೈಟ್ ಫಿಶಿಂಗ್ ಮತ್ತು ಎರಡು ಬೋಟು ಸೇರಿ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು, ಜಗಳ ಇನ್ನೂ ನಿಂತಿಲ್ಲ. ಮೀನು ಮರಿ ಮಾಡಲೆಂದು ಕೃತಕ ಬಂಡೆಗಳನ್ನು ಕಡಲ ತಳಕ್ಕೆ ಇಳಿಸುವ ಯೋಜನೆಯೂ ಬಂತು. ಈ ಎಲ್ಲ ಮಾತಿನಲ್ಲಿ ತಳವನ್ನು ಕಣ್ಣಾರೆ ಕಂಡವರು ಎಷ್ಟು ಮಂದಿ? ನಮ್ಮೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇಲ್ಲೇ ಇದೆ. ವಿಜ್ಞಾನ ಓದುತ್ತಿರುವ ನೀವು ನೀರೊಳಗೆ ಹೋಗಿ ನೋಡಿ ಎಣಿಸಿ ಬರೆದುಕೊಂಡು ಬರಬಲ್ಲವರಾದರೆ ಈ ಚರ್ಚೆಯ ಧಾಟಿಯೇ ಬದಲಾದೀತು.

ಸರಿ, ಹೇಗೆ ಶುರುಮಾಡುವುದು?

ಮೊದಲು ಈಜು. ಡೈವಿಂಗ್ ಕೇಂದ್ರಗಳ ಬೋರ್ಡುಗಳಲ್ಲಿ ‘ಈಜು ಬರದಿದ್ದರೂ ಸ್ಕೂಬಾ ಮಾಡಬಹುದು’ ಎಂದು ಬರೆದಿರುತ್ತಾರೆ. ಒಂದು ಸುತ್ತಿನ ಮಟ್ಟಿಗೆ ಅದು ಸರಿ, ವಿದ್ಯೆಯ ಮಟ್ಟಿಗೆ ಅಲ್ಲ. ಓಪನ್ ವಾಟರ್ ಡೈವರ್ ಎಂಬ ಮೊದಲ ಅರ್ಹತೆಗೆ, ಹೆಚ್ಚು ಚಾಲ್ತಿಯಲ್ಲಿರುವ ಪಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಕ್ರಮದಲ್ಲಿ, ನಿಲ್ಲದೆ 200 ಮೀಟರ್ ಈಜಬೇಕು, ಏನನ್ನೂ ಹಿಡಿಯದೆ 10 ನಿಮಿಷ ನೀರ ಮೇಲೆ ತೇಲಬೇಕು. ವೇಗ ಯಾರೂ ನೋಡುವುದಿಲ್ಲ. ಗಾಬರಿಯಿಲ್ಲದೆ ನೀರಲ್ಲಿ ಇರಬಲ್ಲಿರಾ ಎಂಬುದನ್ನಷ್ಟೇ ನೋಡುತ್ತಾರೆ. ಲೇಡಿಹಿಲ್‌ನ ಮಂಗಳಾ ಈಜುಕೊಳ ಇದೆ, ಎಮ್ಮೆಕೆರೆಯಲ್ಲಿ ಹೊಸದು ಆಗಿದೆ. ದಿನಾ ಬೆಳಿಗ್ಗೆ ಒಂದು ಗಂಟೆ ಕೊಟ್ಟರೆ ಒಂದು ಮಳೆಗಾಲದಲ್ಲಿ ಈಜು ಬರುತ್ತದೆ.

ಹುಡುಗಿಯರಿಗೆ ಇಲ್ಲಿ ಬೇರೆಯಾಗಿ ಒಂದು ಮಾತು. ಈಜುಡುಗೆ ಹಾಕಿಕೊಳ್ಳುವ ಸಂಕೋಚ, ಮೈ ಕಪ್ಪಾಗುತ್ತದೆ ಎನ್ನುವ ಅತ್ತೆ ಚಿಕ್ಕಮ್ಮಂದಿರ ಮಾತು, ‘ಹುಡುಗಿಗೆ ಯಾಕೆ ಇದೆಲ್ಲ’ ಎನ್ನುವ ಪ್ರಶ್ನೆ, ಇವೆಲ್ಲ ನನಗೂ ಬಂದವೇ. ಕೊಳದಲ್ಲಿ ಮೈ ಮುಚ್ಚುವ ಈಜುಡುಗೆಗೆ ಅವಕಾಶವಿದೆ, ಕಡಲಿನಲ್ಲಂತೂ ಹೆಚ್ಚಿನವರು ಕುತ್ತಿಗೆಯಿಂದ ಕಾಲಿನವರೆಗೆ ವೆಟ್‌ಸೂಟ್ ಹಾಕುತ್ತಾರೆ. ತೋಳ್ಬಲ ಹೆಚ್ಚು ಬೇಕಾದ ಆಟ ಇದಲ್ಲ. ನಿಧಾನ ಉಸಿರಾಡುವವರಿಗೆ, ಕೈಕಾಲು ಬಡಿಯದೆ ತಣ್ಣಗಿರುವವರಿಗೆ ಒಲಿಯುವ ವಿದ್ಯೆ. ಅಪ್ಪ ಅಮ್ಮನನ್ನು ಒಂದು ದಿನ ಕೊಳದ ದಡಕ್ಕೆ ಕರೆದುಕೊಂಡು ಹೋಗಿ ಕೂರಿಸಿ. ಮನೆಯಲ್ಲಿ ವಾದ ಮಾಡುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಎಂಬುದು. ಅರ್ಧ ಭಾಗ ನಿಮ್ಮ ಪಿಯುಸಿ ಭೌತಶಾಸ್ತ್ರವೇ. 10 ಮೀಟರ್ ಇಳಿದರೆ ಮೈಮೇಲಿನ ಒತ್ತಡ ದಡದಲ್ಲಿದ್ದಾಗಿನ ಎರಡರಷ್ಟು, 20 ಮೀಟರಿಗೆ ಮೂರರಷ್ಟು. ಒತ್ತಡ ಎರಡರಷ್ಟಾದಾಗ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂಬ ಬಾಯ್ಲ್‌ನ ನಿಯಮವನ್ನು ಐದು ಅಂಕಕ್ಕೆ ಬರೆದು ಮರೆತಿರುತ್ತೇವೆ. ನೀರೊಳಗೆ ಅದು ಜೀವದ ಪ್ರಶ್ನೆ. 10 ಮೀಟರ್ ಆಳದಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು ಉಸಿರು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಎರಡರಷ್ಟು ಜಾಗ ಕೇಳುತ್ತದೆ, ಶ್ವಾಸಕೋಶದಲ್ಲಿ ಅಷ್ಟು ಜಾಗ ಇಲ್ಲ. ಹಾಗಾಗಿ ಡೈವಿಂಗಿನ ಮೊದಲ ನಿಯಮ, ಉಸಿರು ಕಟ್ಟಬಾರದು. ಎಂದೂ, ಯಾವ ಕಾರಣಕ್ಕೂ. ಈಜುಕೊಳದ ಆಳದ ತುದಿಯಲ್ಲೂ ಈ ನಿಯಮಕ್ಕೆ ರಿಯಾಯಿತಿ ಇಲ್ಲ. ಪಚ್ಚಿಲೆ ಕೀಳುವವರು ದಡದ ಗಾಳಿಯನ್ನೇ ಎದೆಯಲ್ಲಿ ಹೊತ್ತು ಮುಳುಗುತ್ತಾರೆ, ಅದೇ ಗಾಳಿಯೊಂದಿಗೆ ಮೇಲೆ ಬರುತ್ತಾರೆ. ಆದ್ದರಿಂದ ಅವರಿಗೆ ಉಸಿರು ಕಟ್ಟುವುದೇ ವಿದ್ಯೆ. ಸಿಲಿಂಡರಿನ ಗಾಳಿಯನ್ನು ಆಳದಲ್ಲಿ ಎಳೆಯುವ ನಮಗೆ ಅದೇ ಅಪಾಯ.

ಎಲ್ಲರೂ ಆ ಸಿಲಿಂಡರನ್ನು ಆಕ್ಸಿಜನ್ ಸಿಲಿಂಡರ್ ಎನ್ನುತ್ತಾರೆ. ಅದರೊಳಗಿರುವುದು ನಾವು ದಿನಾ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ ಸುಮಾರು 2,400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರ್ ಬೇಕಾಗುವವರಿಗೆ ಅದು ದಡದಲ್ಲಿ ಎರಡು ಗಂಟೆ ಬಂದೀತು, 10 ಮೀಟರಿನಲ್ಲಿ ಒಂದೇ ಗಂಟೆ, 20 ಮೀಟರಿನಲ್ಲಿ 40 ನಿಮಿಷ. ಅದರಲ್ಲೂ ಕೊನೆಯ 50 ಬಾರ್ ಮುಟ್ಟದೆ ಮೇಲೆ ಬರಬೇಕು. ಗಾಬರಿಯಾದವರಿಗೆ ಇದರ ಅರ್ಧವೂ ಬಾರದು. ನೀರೊಳಗೆ ಗಾಳಿಯ ಮಾಪಕದ ಮುಳ್ಳನ್ನು ನೀವೇ ನೋಡಿಕೊಳ್ಳಲು ಕಲಿತ ದಿನದಿಂದ ನೀವು ಡೈವರ್.

ಮೇಲೆ ಬರುವುದಕ್ಕೂ ಕ್ರಮ ಇದೆ. ಆಳದಲ್ಲಿ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡಗಳಲ್ಲಿ ಕರಗಿಕೊಳ್ಳುತ್ತದೆ. ಸರ್ರನೆ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆರೆದ ಹಾಗೆ ಗುಳ್ಳೆ ಏಳುತ್ತದೆ. ಕೀಲು ನೋವಿನಿಂದ ಹಿಡಿದು ಲಕ್ವದವರೆಗೆ ಏನು ಬೇಕಾದರೂ ಆಗಬಹುದು. ಹಾಗಾಗಿ ನಿಧಾನವಾಗಿ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಂತು, ಆಮೇಲೆ ತಲೆ ಎತ್ತಬೇಕು. ಆ ದಿನವೇ ವಿಮಾನ ಹತ್ತಬಾರದು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹೆಚ್ಚು ಮಾಡಿದ್ದರೆ 18 ಗಂಟೆ ಕಾಯಬೇಕು. ಭಾನುವಾರ ಬೆಳಿಗ್ಗೆ ನೇತ್ರಾಣಿ, ರಾತ್ರಿ ಬಜಪೆಯಿಂದ ಫ್ಲೈಟ್ ಎಂದು ಪ್ಲ್ಯಾನ್ ಮಾಡುವವರು ಇದನ್ನು ಬರೆದಿಟ್ಟುಕೊಳ್ಳಿ.

ಕೊಳದಲ್ಲಿ ಮಾಡಿಸುವ ಅಭ್ಯಾಸಗಳಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಹೆಚ್ಚಿನವರು ಹಿಂಜರಿಯುವುದು ಅಲ್ಲೇ. ಕೊಳದ ತಳದಲ್ಲಿ ಮೊಣಕಾಲೂರಿ ಕೂತಿರುತ್ತೀರಿ. ತರಬೇತುದಾರರು ಮಾಸ್ಕಿನ ಮೇಲಂಚನ್ನು ಸ್ವಲ್ಪ ಸಡಿಲಿಸಿ ನೀರು ಬಿಟ್ಟುಕೊಳ್ಳಲು ಸನ್ನೆ ಮಾಡುತ್ತಾರೆ. ತಣ್ಣನೆಯ ನೀರು ಹುಬ್ಬಿನಿಂದ ಇಳಿದು ಕಣ್ಣು ಮುಚ್ಚಿ ಮೂಗಿನ ಹೊಳ್ಳೆಯವರೆಗೆ ಬರುತ್ತದೆ. ಬಾಯಲ್ಲಿ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಇದೆ, ಗಾಳಿಗೆ ಕೊರತೆಯಿಲ್ಲ. ಆದರೂ ಮೂಗಿಗೆ ನೀರು ತಾಗಿದ ಕೂಡಲೇ ಮೈ ‘ಮೇಲೆ ಹೋಗು’ ಎಂದು ಕೂಗುತ್ತದೆ. ಆಗ ಮೇಲಂಚನ್ನು ಹಣೆಗೆ ಒತ್ತಿಹಿಡಿದು, ತಲೆ ಸ್ವಲ್ಪ ಎತ್ತಿ, ಬಾಯಿಂದ ಎಳೆದ ಉಸಿರನ್ನು ಮೂಗಿನಿಂದ ಮೆಲ್ಲಗೆ ಬಿಡಬೇಕು. ಗಾಳಿ ಮಾಸ್ಕಿನ ಮೇಲ್ಭಾಗ ತುಂಬಿ ನೀರನ್ನು ಕೆಳಗಿನಿಂದ ಹೊರದಬ್ಬುತ್ತದೆ. ಕಣ್ಣು ಬಿಟ್ಟರೆ ಕೊಳದ ಹೆಂಚು ಮತ್ತೆ ಸ್ಪಷ್ಟ. ಇಷ್ಟೇ. ಆದರೆ ಈ ಒಂದು ನಿಮಿಷದಲ್ಲಿ ಮೈಯ ಗಾಬರಿ ಒಂದು ಕಡೆ, ತಿಳಿವಳಿಕೆ ಇನ್ನೊಂದು ಕಡೆ ನಿಂತಾಗ ತಿಳಿವಳಿಕೆಯ ಮಾತು ಕೇಳುವುದು ಹೇಗೆ ಎಂಬುದು ಅಭ್ಯಾಸವಾಗುತ್ತದೆ. ಕೊಳದಲ್ಲಿ ಇದನ್ನು ಸಾಕೆನ್ನುವಷ್ಟು ಸಲ ಮಾಡದವರನ್ನು ಕಡಲಿಗೆ ಕರೆದೊಯ್ಯುವುದು ನನಗೆ ಒಪ್ಪಿಗೆಯಿಲ್ಲ.

ಕೈಸನ್ನೆಗಳಲ್ಲಿ ಒಂದನ್ನು ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಹೆಬ್ಬೆರಳು ಮೇಲೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು.

ತರಬೇತಿ ಕೊಡುವವರನ್ನು ಹಣ ನೋಡಿ ಆರಿಸಬೇಡಿ. ತರಬೇತುದಾರರ ಅರ್ಹತಾ ಕಾರ್ಡ್ ತೋರಿಸಿ ಎಂದು ಕೇಳಿ. ಒಬ್ಬ ತರಬೇತುದಾರರಿಗೆ ಎಷ್ಟು ಕಲಿಯುವವರು ಎಂದು ಕೇಳಿ. ಬೋಟಿನಲ್ಲಿ ತುರ್ತಿನ ಆಕ್ಸಿಜನ್ ಕಿಟ್ ಇದೆಯೇ, ರೇಡಿಯೊ ಇದೆಯೇ, ಏನಾದರೂ ಆದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ ಎಂದು ಕೇಳಿ. ನಾನೊಮ್ಮೆ ಒಂದು ಬೋಟಿನಲ್ಲಿ ಕಿಟ್ ಎಲ್ಲಿ ಎಂದಾಗ ‘ಆಫೀಸಿನಲ್ಲಿದೆ ಮೇಡಂ’ ಎಂಬ ಉತ್ತರ ಬಂತು. ಆ ಬೋಟು ನಾನು ಹತ್ತಲಿಲ್ಲ. ನೀವೂ ಹತ್ತಬೇಡಿ. ಮತ್ತೆ, ಆರೋಗ್ಯದ ಪ್ರಶ್ನೆಪತ್ರಿಕೆ ಕೊಟ್ಟಾಗ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ಕೊಡುವ ಅಭ್ಯಾಸ ಬಿಡಿ. ದಮ್ಮು, ಫಿಟ್ಸ್, ಹೃದಯದ ತೊಂದರೆ, ಕಿವಿಯ ಆಪರೇಶನ್ ಇದ್ದರೆ ಡಾಕ್ಟರ ಒಪ್ಪಿಗೆ ಬೇಕು. ಶೀತ ಇದ್ದ ದಿನ ಇಳಿಯಲೇ ಬಾರದು. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿದೂಗುವುದಿಲ್ಲ, ಕಿವಿತಮಟೆಗೆ ಪೆಟ್ಟಾಗುತ್ತದೆ.

ನಮ್ಮೂರಿನ ಎದುರಿನ ನೀರಲ್ಲೇ ಯಾಕಾಗಬಾರದು ಎಂದು ಕೇಳುತ್ತೀರಿ. ನೇತ್ರಾವತಿ, ಫಲ್ಗುಣಿ ಎರಡೂ ಅಳಿವೆಯಲ್ಲಿ ಕಡಲು ಸೇರುವಾಗ ತರುವ ಮಣ್ಣು, ಅಲೆ ಕದಡುವ ಮರಳು, ಇವುಗಳಿಂದ ದಡದ ಹತ್ತಿರ ಚಾಚಿದ ಕೈ ಕಾಣುವುದೂ ಕಷ್ಟ. ನೇತ್ರಾಣಿ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ ಇರುವುದರಿಂದ ನೀರು ತಿಳಿ. ಅಲ್ಲಿಗೆ ಬೋಟು ಹೋಗುವುದೂ ಸುಮಾರಾಗಿ ಅಕ್ಟೋಬರಿನಿಂದ ಮೇವರೆಗೆ ಮಾತ್ರ.

ಅಲ್ಲಿ ಇಳಿಯುವಾಗ ಲಂಗರಿನ ಹಗ್ಗ ಹಿಡಿದು ಕಾಲು ಕೆಳಗೆ ಮಾಡಿ ಇಳಿಯುತ್ತೇವೆ. ಒಂದೊಂದು ಮೊಳಕ್ಕೂ ಮೂಗು ಹಿಡಿದು ಊದಿ ಕಿವಿ ತೆರೆದುಕೊಳ್ಳಬೇಕು, ನೋವು ಶುರುವಾಗುವವರೆಗೆ ಕಾಯಬಾರದು. ಐದಾರು ಮೀಟರ್ ದಾಟುವಷ್ಟರಲ್ಲಿ ಕೆಂಪು ಬಣ್ಣ ಮಾಸುತ್ತದೆ, ಕಾಲಿಗೆ ಹಾಕಿದ ನಿಮ್ಮ ಕೆಂಪು ಫಿನ್ ಕಂದಾಗುತ್ತದೆ. ಬೋಟಿನ ಎಂಜಿನ್ ಸದ್ದು ಎಲ್ಲ ಕಡೆಯಿಂದಲೂ ಬಂದಂತೆ ಕೇಳುತ್ತದೆ, ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಓಡುವುದರಿಂದ ಕಿವಿಗೆ ದಿಕ್ಕು ಸಿಗುವುದಿಲ್ಲ. ಆಮೇಲೆ ಬಂಡೆ. ಅದರ ಸಂದಿನಲ್ಲಿ ಬಾಯಿ ತೆರೆದು ಮುಚ್ಚುತ್ತ ಕೂತ ಮುರು ಮೀನು. ನಮ್ಮ ಮನೆಯ ಬಾಣಲೆಯಲ್ಲಿ ತುಂಡಾಗಿ ಮಾತ್ರ ಕಂಡಿದ್ದದ್ದು ಇಲ್ಲಿ ತನ್ನ ಬಾಗಿಲಲ್ಲಿ ತಾನು ಕೂತು ನನ್ನನ್ನೇ ನೋಡುತ್ತಿತ್ತು. ಚಿಟ್ಟೆಮೀನುಗಳು ಹೆಚ್ಚಾಗಿ ಜೋಡಿಯಾಗಿ ತಿರುಗುತ್ತವೆ. ಗಿಳಿಮೀನು ಹವಳ ಕಚ್ಚುವ ಕಟಕಟ ಸದ್ದು ನಿಮ್ಮ ಉಸಿರಿನ ನಡುವೆ ಕೇಳುತ್ತದೆ. ಪಕ್ಕದಲ್ಲೇ ಒಂದು ಹವಳದ ಗಡ್ಡೆಗೆ ಹರಿದ ನೈಲಾನ್ ಬಲೆ ಸುತ್ತಿಕೊಂಡಿತ್ತು. ಬಲೆಯ ಕಣ್ಣುಗಳಲ್ಲಿ ಪಾಚಿ ಬೆಳೆದು ಅದು ಎಷ್ಟೋ ಕಾಲದ್ದು ಎಂದು ತೋರುತ್ತಿತ್ತು. ಅದರಲ್ಲಿ ಸಿಕ್ಕಿದ್ದ ಏಡಿಯೊಂದು ಇನ್ನೂ ಕಾಲು ಆಡಿಸುತ್ತಿತ್ತು. ತರಬೇತುದಾರರು ಚಾಕುವಿನಿಂದ ಎಳೆ ಎಳೆಯಾಗಿ ಕತ್ತರಿಸಿ ಅದನ್ನು ಬಿಡಿಸಿದರು. ದಡದಲ್ಲಿ ನಿಂತು ಪ್ಲಾಸ್ಟಿಕ್ಕಿನ ಬಗ್ಗೆ ಕೇಳಿದ ಭಾಷಣಗಳೆಲ್ಲ ಸೇರಿ ನನಗೆ ಹೇಳದೇ ಇದ್ದದ್ದನ್ನು ಆ ಏಡಿ ಹೇಳಿತು.

ಇಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇನೆ. ಏನನ್ನೂ ಮುಟ್ಟಬೇಡಿ, ಏನನ್ನೂ ತರಬೇಡಿ. ಹವಳ ಕಲ್ಲಲ್ಲ, ಜೀವ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆಗೇ ಗಟ್ಟಿ ಹವಳಗಳೂ ಇವೆ. ಒಂದು ತುಂಡು ಜೇಬಿಗೆ ಹಾಕಿಕೊಂಡರೂ ಅಪರಾಧ. ಸಮತೋಲನ ಕಲಿಯದವರ ಫಿನ್ ತಾಗಿ ಮುರಿಯುವ ಹವಳ ಮತ್ತೆ ಅಷ್ಟು ಬೆಳೆಯಲು ವರ್ಷಗಟ್ಟಲೆ ಬೇಕು. ಕಲಿತು ಹೋಗಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ. ವಾರಾಂತ್ಯಕ್ಕೆ ಬೋಟು ಬೋಟು ಜನ ಕಲಿಯದೆಯೇ ಇಳಿಯುತ್ತಿದ್ದರೆ ನೇತ್ರಾಣಿ ಹೆಚ್ಚು ಕಾಲ ತಾಳಲಾರದು.

ಹಣದ ವಿಷಯ ಮುಚ್ಚಿಡುವುದಿಲ್ಲ. ಪೂರ್ತಿ ಕೋರ್ಸಿಗೆ ಮೂವತ್ತು ಸಾವಿರದ ಆಸುಪಾಸು ಬೇಕಾದೀತು. ಎಲ್ಲ ಮನೆಗಳಲ್ಲಿ ಅದು ಸುಲಭವಲ್ಲ. ಹೊಸ ಫೋನಿಗೆ ಇದಕ್ಕಿಂತ ಹೆಚ್ಚು ಕೊಡುವವರು ನಮ್ಮಲ್ಲಿದ್ದಾರೆ ನಿಜ, ಆದರೆ ಕೊಡಲಾಗದವರ ಮಾತೇ ನನಗೆ ಮುಖ್ಯ. ಬೆಂಗರೆಯ, ಬೋಳಾರದ, ಉಳ್ಳಾಲದ ಮಕ್ಕಳು ಈ ವಿದ್ಯೆಯಿಂದ ಹೊರಗುಳಿದು ಬೆಂಗಳೂರಿನ ಪ್ರವಾಸಿಗಳು ಮಾತ್ರ ನಮ್ಮ ಕಡಲ ತಳ ನೋಡುವುದು ನ್ಯಾಯವಲ್ಲ. ಎನ್‌ಸಿಸಿಯ ನೌಕಾ ವಿಭಾಗ ನಮ್ಮೂರಲ್ಲಿದೆ. ಕಾಲೇಜುಗಳ ಕ್ರೀಡಾನಿಧಿ ಇದೆ. ಕ್ರಿಕೆಟ್ ಮ್ಯಾಟಿಗೆ, ಕಬಡ್ಡಿ ಮ್ಯಾಟಿಗೆ ಹಣ ಕೊಡುವ ಆಡಳಿತ ಮಂಡಳಿಗಳು ವರ್ಷಕ್ಕೆ ನಾಲ್ಕು ಮಕ್ಕಳ ಡೈವಿಂಗ್ ಕೋರ್ಸಿಗೆ ಕೊಡಲಾರವೇ? ಕೇಳದೆ ಯಾರೂ ಕೊಡುವುದಿಲ್ಲ. ನೀವು ಕೇಳಿ. ಅರ್ಜಿಯ ಜೊತೆ ನಿಮ್ಮ ಈಜಿನ ದಾಖಲೆಯನ್ನೂ ಇಟ್ಟರೆ ಇಲ್ಲ ಎನ್ನುವುದು ಅವರಿಗೆ ಕಷ್ಟವಾಗುತ್ತದೆ.

ಜೂನ್ 1ಕ್ಕೆ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ, ಬೋಟುಗಳು ಧಕ್ಕೆಯಲ್ಲಿ ಸಾಲುಗಟ್ಟುತ್ತವೆ. ಅಲ್ಲಿಂದ ನೇತ್ರಾಣಿಯ ದಾರಿ ತೆರೆಯುವವರೆಗೆ ನಾಲ್ಕು ತಿಂಗಳು ನಿಮ್ಮ ಕೈಲಿದೆ. ಈ ವಾರವೇ ಹೋಗಿ ಈಜುಕೊಳದಲ್ಲಿ ಹೆಸರು ಕೊಡಿ. ಒಬ್ಬರೇ ಹೋಗಬೇಡಿ, ತರಗತಿಯಿಂದ ಇಬ್ಬರು ಮೂವರು ಸೇರಿ ಹೋಗಿ, ಅದರಲ್ಲಿ ಒಬ್ಬಳಾದರೂ ಹುಡುಗಿ ಇರಲಿ. ಅಕ್ಟೋಬರಿನೊಳಗೆ 200 ಮೀಟರ್ ಈಜಿ 10 ನಿಮಿಷ ತೇಲಲು ಬಂದವರು ಕೋರ್ಸಿಗೆ ಸೇರಿ, ಬರದವರು ಇನ್ನೊಂದು ವರ್ಷ ಕಾಯಿರಿ.

ಇಂತಿ,
ನಿಮ್ಮೂರಿನ ಒಬ್ಬ ಡೈವರ್ ಅಕ್ಕ